ಪಟ್ಟಿ ಕತ್ತರಿಸುವ ಅಂಗಡಿ

ಹೆಲ್ಮೆಟ್ ಕೊಳ್ಳಲು ಬರುವವರಲ್ಲಿ ಮುಕ್ಕಾಲು ಪಾಲು ಜನ ಮೊದಲು ಹುಡುಕುವುದು ಕನ್ನಡಿಯನ್ನು. ಹಾಕಿಕೊಂಡ ಕೂಡಲೇ ಅದರೆದುರು ನಿಂತು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಿರುಗಿ, ಚೆನ್ನಾಗಿ ಕಾಣ್ತೀನಾ ಎಂದು ಕೇಳುತ್ತಾರೆ. ಇಡೀ ಮುಖ ಮುಚ್ಚಿದ ಮೇಲೆ ಕಾಣುವುದೇನು, ನನ್ನ ಕರ್ಮ! ಅದಕ್ಕೇ ನಾನು ಅಂಗಡಿಯ ಕನ್ನಡಿಯನ್ನು ಕಳಚಿಸಿ ಹಿಂದಿನ ಕೋಣೆಗೆ ಹಾಕಿಸಿದೆ. ವ್ಯಾಪಾರ ಕೆಡುತ್ತದೆ ಎಂದು ತಮ್ಮ ಗೊಣಗಿದ. ಕೆಡಲಿಲ್ಲ.

ಅಂಗಡಿ ನನ್ನದು ಮತ್ತು ತಮ್ಮನದು. ಮುಂದೆ ನಾನು, ಹಿಂದಿನ ಕೋಣೆಯಲ್ಲಿ ಅವನು. ತಲೆ ಅಳೆಯುವುದು, ಹಾಕಿ ನೋಡುವುದು, ಹಟ ಮಾಡುವವರಿಗೆ ಬುದ್ಧಿ ಹೇಳುವುದು ನನ್ನ ಕೆಲಸ. ಕೊರಳಲ್ಲಿ ಸದಾ ಅಳತೆಯ ಟೇಪು ಇರುವುದರಿಂದ ಬೀದಿಯವರೆಲ್ಲ ನನ್ನನ್ನು ಟೇಪಕ್ಕ ಎನ್ನುತ್ತಾರೆ. ಸಡಿಲವಾದ ಗಾಜು ಬಿಗಿ ಮಾಡುವುದು, ಕೊಂಡಿ ಬದಲಿಸುವುದು, ಬಣ್ಣ ಹಾಕುವುದು, ಮಾಲು ಬಿಚ್ಚಿ ಶೆಲ್ಫಿಗೆ ಜೋಡಿಸುವುದು ತಮ್ಮನ ಕೆಲಸ. "ನಮ್ಮದೇನು ಬಿಡಿ, ಊರಿಗೆಲ್ಲ ಟೋಪಿ ಹಾಕೋ ಕಸುಬು," ಎಂದು ಬಂದವರನ್ನು ನಗಿಸುವವನೂ ಅವನೇ. ಅಮ್ಮ ಹೋದಾಗ ಅವನಿಗೆ ಇನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ನಾನೇ ಹಾಕುತ್ತಿದ್ದೆ. ಮದುವೆಯಾಗಿ ಬಂದಾಗ ಅವನನ್ನೂ ಜೊತೆಗೇ ಕರೆದುಕೊಂಡು ಬಂದೆ. ನನ್ನ ಗಂಡ ಒಂದು ಮಾತೂ ಆಡದೆ ಅವನಿಗೊಂದು ಮಂಚ ಮಾಡಿಸಿದರು. ಆ ಮಂಚಕ್ಕಾಗಿ ನಾನು ಈ ಮನುಷ್ಯನ ಎಷ್ಟೋ ತಪ್ಪುಗಳನ್ನು ಮರೆತಿದ್ದೇನೆ.

ಅಂಗಡಿ ಹುಟ್ಟಿದ್ದೇ ಅವರ ದವಡೆಯಿಂದ. ಆಗ ಅವರು ಪಾರ್ಸಲ್ ಹಂಚುತ್ತಿದ್ದರು. ಇಡೀ ದಿನ ಗಾಡಿಯ ಮೇಲೆ. ಮುಖ ಮುಚ್ಚುವ ಹೆಲ್ಮೆಟ್ ಸೆಕೆ, ಕಿವಿ ಕೇಳುವುದಿಲ್ಲ, ಕನ್ನಡಕ ಸಿಕ್ಕಿಕೊಳ್ಳುತ್ತದೆ ಎಂದು ನೂರು ನೆಪ ಹೇಳಿ, ನೆತ್ತಿಯ ಮೇಲೊಂದು ಬೋಗುಣಿ ಬೋರಲು ಹಾಕಿದಂಥ ಅರ್ಧ ಹೆಲ್ಮೆಟ್ ಹಾಕುತ್ತಿದ್ದರು. ಒಂದು ಬೆಳಿಗ್ಗೆ ಮುಂದಿನ ಲಾರಿ ಗಕ್ಕನೆ ನಿಂತಿತು. ನೆತ್ತಿಗೆ ಏನೂ ಆಗಲಿಲ್ಲ, ಗಲ್ಲ ಹೋಗಿ ಲಾರಿಯ ಹಿಂಬದಿಯ ಹಲಗೆಗೆ ಬಡಿಯಿತು. ಹಲ್ಲಿಗೆ ಹಲ್ಲು ತಂತಿಯಲ್ಲಿ ಕಟ್ಟಿ ಕಳಿಸಿದರು ಡಾಕ್ಟರು. ತಿಂಗಳುಗಟ್ಟಲೆ ಗಂಜಿಯನ್ನು ಕೊಳವೆಯಲ್ಲಿ ಹೀರಿ ಬದುಕಿದರು. ಈಗಲೂ ಒಂದೇ ಪಕ್ಕದಲ್ಲಿ ಅಗಿಯುತ್ತಾರೆ, ಮಾತು ಸ್ವಲ್ಪ ಎಳೆಯುತ್ತದೆ. ಅವರಿಗೆ ಗಂಜಿ ಕಲಸುತ್ತ ಕಲಸುತ್ತಲೇ ನಾನು ಅಂಗಡಿಯ ಯೋಚನೆ ಮಾಡಿದ್ದು. ಹಾಗಾಗಿ ನಮ್ಮಲ್ಲಿ ಇರುವುದು ಫುಲ್ ಫೇಸ್ ಮಾತ್ರ. ಅರ್ಧ ಬೇಕೆಂದವರು ಮುಂದಿನ ಬೀದಿಗೆ ಹೋಗಬಹುದು.

ನಮ್ಮ ಅಂಗಡಿಯಲ್ಲಿ ಇನ್ನೊಂದು ಪದ್ಧತಿ ಇದೆ, ಅದೂ ನಾನೇ ಮಾಡಿದ್ದು. ಹೆಲ್ಮೆಟ್ಟಿನ ಹೊರಚಿಪ್ಪಿನ ಒಳಗೆ, ಮೆತ್ತೆಯ ಕೆಳಗೆ, ಗಟ್ಟಿ ಥರ್ಮೋಕೋಲಿನ ಒಂದು ಪದರ ಇರುತ್ತದೆ. ಬಿದ್ದಾಗ ತಾನು ನಜ್ಜುಗುಜ್ಜಾಗಿ ತಲೆ ಉಳಿಸುವುದು ಅದೇ. ಆದರೆ ಅದು ಉಳಿಸುವುದು ಒಂದೇ ಸಲ. ಹೊರಗೆ ಒಂದು ಗೀರೂ ಇಲ್ಲದೆ ಫಳಫಳ ಹೊಳೆಯುತ್ತಿದ್ದರೂ ಒಮ್ಮೆ ಬಿದ್ದ ಹೆಲ್ಮೆಟ್ ಸತ್ತ ಹೆಲ್ಮೆಟ್. ಇದನ್ನು ಜನರಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಕೊಟ್ಟ ಕಾಸಿನ ಮೇಲಿನ ಆಸೆ ಬಿಡುವುದಿಲ್ಲ ಅವರಿಗೆ. ತಾವು ಹೊಸದು ಕೊಂಡು ಬಿದ್ದದ್ದನ್ನು ಮೈದುನನಿಗೆ ದಾನ ಮಾಡುವ ಪುಣ್ಯಾತ್ಮರೂ ಇದ್ದಾರೆ.

ಅದಕ್ಕೆ ನಾನು ಒಂದು ಉಪಾಯ ಮಾಡಿದೆ. ಬಿದ್ದ ಹೆಲ್ಮೆಟ್ ತಂದುಕೊಟ್ಟರೆ ಹೊಸದರ ಬೆಲೆಯಲ್ಲಿ ಒಂದಿಷ್ಟು ಬಿಡುತ್ತೇವೆ. ತಂದವರ ಕಣ್ಣೆದುರಿಗೇ ದೊಡ್ಡ ಕತ್ತರಿಯಿಂದ ಅದರ ಗಲ್ಲದ ಪಟ್ಟಿಯನ್ನು ಕತ್ತರಿಸಿ ಬಾಗಿಲ ಪಕ್ಕದ ಸರಳಿಗೆ ನೇತುಹಾಕುತ್ತೇನೆ. ಪಟ್ಟಿ ಇಲ್ಲದ ಹೆಲ್ಮೆಟ್ಟನ್ನು ಯಾರು ಹಾಕಿಕೊಳ್ಳುತ್ತಾರೆ? ಚಿಪ್ಪು ಹಿಂದಿನ ಕೋಣೆಗೆ ಹೋಗುತ್ತದೆ, ತಮ್ಮ ಅದನ್ನು ಗರಗಸದಿಂದ ಎರಡು ಹೋಳು ಮಾಡಿ ಗುಜರಿಗೆ ಹಾಕುತ್ತಾನೆ. ಸರಳಿನ ತುಂಬ ಪಟ್ಟಿಗಳು. ಒಂದೊಂದೂ ಒಬ್ಬೊಬ್ಬರ ಉಳಿದ ತಲೆ. ಜನ ಅದನ್ನು ನೋಡಿಯೇ ಒಳಗೆ ಬರುತ್ತಿದ್ದರು, ಪಟ್ಟಿ ಕತ್ತರಿಸುವ ಅಂಗಡಿ ಎಂದೇ ಹೆಸರಾಯಿತು. ನನಗೆ ಅದರ ಹೆಮ್ಮೆ ಇತ್ತು. ಸ್ವಲ್ಪ ಜಾಸ್ತಿಯೇ ಇತ್ತು.

ಈಜು ಕಲಿಸುವ ಹುಡುಗಿ ಬಂದದ್ದೂ ಆ ಪಟ್ಟಿಗಳನ್ನು ನೋಡಿಕೊಂಡೇ. ಸಂಜೆ ಹೊತ್ತು. ಕೂದಲು ಒದ್ದೆ, ಹೆಗಲಲ್ಲಿ ಟವೆಲ್ಲಿನ ಚೀಲ, ಕಣ್ಣಿನ ಸುತ್ತ ನೀರಿನ ಕನ್ನಡಕ ಒತ್ತಿದ ಗುರುತು. ಮಕ್ಕಳಿಗೆ ಈಜು ಕಲಿಸಿ ನೇರ ಬಂದೆ ಎಂದಳು. ಪಾರ್ಸಲ್ ಕೆಲಸ ಬಿಟ್ಟ ಮೇಲೆ ಗಲ್ಲಾ ನನ್ನ ಗಂಡನದು, ಅಂದೂ ಅಲ್ಲೇ ಕೂತಿದ್ದರು.

"ಅಕ್ಕ, ನನಗೆ ಮುಖ ಮುಚ್ಚೋದು ಬೇಡ. ಉಸಿರು ಕಟ್ಟಿದ ಹಾಗಾಗುತ್ತೆ."

"ನೀರೊಳಗೆ ಉಸಿರು ಹಿಡಿಯೋದು ಕಲಿಸೋಳು ನೀನು. ಹೆಲ್ಮೆಟ್ ಒಳಗೆ ಉಸಿರು ಕಟ್ಟುತ್ತಾ? ಕೂತ್ಕೋ ಇಲ್ಲಿ."

ನಕ್ಕಳು. ಕೂತಳು. ನಗುವ ಗಿರಾಕಿ ಅರ್ಧ ದಾರಿ ಬಂದ ಹಾಗೆ.

ಹುಬ್ಬಿನ ಮೇಲೆ, ಕಿವಿಯ ಮೇಲೆ, ಹಿಂದೆ ತಲೆ ಉಬ್ಬಿದಲ್ಲಿ ಟೇಪು ಸುತ್ತಿ ಅಳತೆ ತೆಗೆದೆ. ಅಳತೆ ಗೊತ್ತಾದರೆ ಮುಗಿಯಲಿಲ್ಲ, ಆಕಾರವೂ ಬೇಕು. ಕೆಲವರದು ನಿಂಬೆಹಣ್ಣಿನಂತೆ ಗುಂಡು ತಲೆ, ಕೆಲವರದು ಮಾವಿನಹಣ್ಣಿನಂತೆ ಉದ್ದ. ಇವಳದು ಉದ್ದ. ಮೊದಲನೆಯದನ್ನು ಹಾಕಿ, ಸ್ವಲ್ಪ ಹೊತ್ತು ಹಾಗೇ ಕೂರಿಸಿ, ಈಜುಕೊಳದ ಸಮಾಚಾರವೆಲ್ಲ ಕೇಳಿ, ತೆಗೆದು ನೋಡಿದರೆ ಹಣೆಯ ಮೇಲೆ ಕೆಂಪು ಗೆರೆ. ಅದು ಬೇಡ. ಇಂದು ಕೆಂಪು ಗೆರೆ, ನಾಳೆ ತಲೆನೋವು, ನಾಡಿದ್ದು ಹೆಲ್ಮೆಟ್ ಗಾಡಿಯ ಕನ್ನಡಿಗೆ ನೇತಾಡುತ್ತಿರುತ್ತದೆ. ಎರಡನೆಯದು ಭಾರ.

"ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲ ಅಕ್ಕ."

"ಹಾಗಾದ್ರೆ ಅದೂ ಬೇಡ. ಕುತ್ತಿಗೆ ನಿನ್ನದು, ಅದನ್ನೇ ಕೇಳಬೇಕು."

ಶೆಲ್ಫಿನ ಮಧ್ಯದ ಸಾಲಿನಿಂದ ಕಪ್ಪು ಬಣ್ಣದ್ದೊಂದನ್ನು ತೆಗೆದೆ. ಹೊಳಪಿಲ್ಲದ, ಗಾಢವಾದ ಕಪ್ಪು. ಹಾಕಿದೊಡನೆ ಕೂತಿತು. ಕೆನ್ನೆ ಒತ್ತಿಕೊಂಡು ಅವಳ ಮಾತು ಬಾಯಲ್ಲಿ ತುತ್ತು ಇಟ್ಟುಕೊಂಡವಳ ಮಾತಿನಂತೆ ಬಂತು.

"ಬಿಗಿ ಇದೆ."

"ಕೆನ್ನೆ ಬಿಗಿ ಇರಬೇಕು. ಹಣೆ ನೋಯಬಾರದು. ನೋಯುತ್ತಾ?"

"ಇಲ್ಲ."

"ತಲೆ ಆಡಿಸು. ಬೇಡ ಅನ್ನೋ ಹಾಗೆ."

ಆಡಿಸಿದಳು. ಹೆಲ್ಮೆಟ್ಟೂ ತಲೆಯ ಜೊತೆಗೇ ಆಡಿತು. ಪಟ್ಟಿ ಬಿಗಿದು, ಗಲ್ಲದ ಕೆಳಗೆ ಎರಡು ಬೆರಳು ತೂರಿಸಿ ನೋಡಿ, ಹಿಂದಿನಿಂದ ಅಂಚು ಹಿಡಿದು ಮುಂದಕ್ಕೆ ಮಗುಚಲು ಎಳೆದೆ. ಬರಲಿಲ್ಲ. ಗಾಜು ಇಳಿಸಿ ಗಾಳಿಕಿಂಡಿ ತೆರೆದು ಉಸಿರಾಡು ಎಂದೆ. ಆಡಿದಳು. ಗಾಜಿನ ಹಿಂದೆ ಅವಳ ಕಣ್ಣು ನಗುತ್ತಿತ್ತು.

"ಕೂದಲು ಒದ್ದೆ ಇರುತ್ತಲ್ಲ ನಿನ್ನದು, ಒಳಗಿನ ಮೆತ್ತೆ ವಾಸನೆ ಹಿಡಿಯುತ್ತೆ," ಎಂದೆ. "ಈ ಬಟನ್ ಎಳೆದರೆ ಮೆತ್ತೆ ಬಿಚ್ಚಿಕೊಳ್ಳುತ್ತೆ. ವಾರಕ್ಕೊಮ್ಮೆ ತೊಳೆದು ನೆರಳಲ್ಲಿ ಒಣಗಿಸು. ಬಿಸಿಲಿಗೆ ಇಡಬೇಡ."

ಹೊರಡುವಾಗ ಅವಳು ಪಟ್ಟಿಗಳ ಸರಳಿನೆದುರು ನಿಂತಳು. ಬರುವಾಗಲೇ ನೋಡಿದೆ, ಏನಿವು ಎಂದಳು. ಹೇಳಿದೆ. ಒಂದೆರಡನ್ನು ಕೈಯಲ್ಲಿ ಹಿಡಿದು ನೋಡಿ, "ಇಷ್ಟೆಲ್ಲ ಮಾಡೋರು ಮೋಸ ಮಾಡಲ್ಲ ಬಿಡಿ," ಎಂದಳು. ನನ್ನ ಗಂಡ ಚಿಲ್ಲರೆ ಕೊಟ್ಟರು. ಅವಳು ಹೊಸ ಹೆಲ್ಮೆಟ್ ಹಾಕಿಕೊಂಡೇ ಹೋದಳು.

ಮತ್ತೆ ಬಂದದ್ದು ಒಂದು ಮಧ್ಯಾಹ್ನ. ಹೆಲ್ಮೆಟ್ ಒಂದು ಕೈಯಲ್ಲಿ, ತೊಳೆದು ಒಣಗಿಸಿದ ಮೆತ್ತೆಗಳು ಇನ್ನೊಂದು ಕೈಯ ಕವರಿನಲ್ಲಿ. ಸಿಟ್ಟಿರಲಿಲ್ಲ. ಗೊತ್ತಿಲ್ಲದ್ದನ್ನು ಕೇಳಲು ಬಂದವಳ ಮುಖ.

"ಅಕ್ಕ, ನೀವು ಹೇಳಿದ ಹಾಗೆ ಮೆತ್ತೆ ಬಿಚ್ಚಿ ತೊಳೆದೆ. ಒಳಗೆ ಥರ್ಮೋಕೋಲ್ ಹೀಗೇ ಇರುತ್ತಾ?"

ಇಸಿದುಕೊಂಡು ಬೆಳಕಿಗೆ ಹಿಡಿದೆ. ಹಿಂಭಾಗದಲ್ಲಿ, ಎಡಕ್ಕೆ, ನನ್ನ ಅಂಗೈ ಕೂರುವಷ್ಟು ಅಗಲದ ಗುಳಿ. ಗುಳಿಯನ್ನು ಏನೋ ಬಿಳಿ ಮೇಣದಂಥದ್ದರಿಂದ ತುಂಬಿ, ಉಜ್ಜಿ ನಯ ಮಾಡಿದ್ದರು. ಒದ್ದೆಗೆ ಅದು ಅಂಚಿನಲ್ಲಿ ಎದ್ದುಕೊಂಡಿತ್ತು. ಉಗುರಿನಿಂದ ಮೀಟಿದರೆ ಹಪ್ಪಳದಂತೆ ಬಂತು. ಕೆಳಗೆ ಕೂದಲೆಳೆಯಂಥ ಬಿರುಕುಗಳು. ಪಟ್ಟಿಯ ಬುಡಕ್ಕೆ ಹೊಸ ಮೊಳೆ ಹೊಡೆದಿತ್ತು. ಗಾಳಿಕಿಂಡಿಯ ಒಳಗೆ, ಕುಂಚ ತಲುಪದ ಕಡೆ, ಕಪ್ಪಿನ ಕೆಳಗಿನಿಂದ ಹಳದಿ ಬಣ್ಣ ಕಾಣುತ್ತಿತ್ತು.

ಹಳದಿ ಹೆಲ್ಮೆಟ್ ನನಗೆ ಗೊತ್ತು. ಕರೆಂಟ್ ರಿಪೇರಿ ಮಾಡುವವನದು. ಒದ್ದೆ ರಸ್ತೆಯ ತಿರುವಿನಲ್ಲಿ ಜಾರಿ, ತಲೆ ಹಿಂದಾಗಿ ಕಲ್ಲಿಗೆ ಬಿದ್ದಿದ್ದ. ಮರುದಿನ ಕುಂಟುತ್ತ ಬಂದು, ಇದೇ ನನ್ನ ಎರಡನೇ ತಾಯಿ ಕಣಕ್ಕ ಎಂದು ಹೆಲ್ಮೆಟ್ಟಿಗೆ ಮುತ್ತು ಕೊಟ್ಟಿದ್ದ. ಅದರ ಪಟ್ಟಿಯನ್ನು ನಾನೇ ಕತ್ತರಿಸಿದ್ದೆ. ಕತ್ತರಿಸಿ ಚಿಪ್ಪನ್ನು ನಾನೇ ಹಿಂದಕ್ಕೆ ಕೊಟ್ಟಿದ್ದೆ.

"ಕೂತಿರು. ಬಂದೆ," ಎಂದೆ ಹುಡುಗಿಗೆ.

ಹಿಂದಿನ ಕೋಣೆಯಲ್ಲಿ ತಮ್ಮ ಕಾಲು ಚಾಚಿ ಕೂತು ಕುಂಚ ತೊಳೆಯುತ್ತಿದ್ದ. ಹೆಲ್ಮೆಟ್ಟನ್ನು ಅವನ ಮುಂದೆ ಮಗುಚಿ ಹಿಡಿದೆ.

"ಏನೋ ಇದು?"

ಅವನು ನೋಡಿದ. ಕುಂಚ ತೊಳೆಯುವುದನ್ನು ನಿಲ್ಲಿಸಲಿಲ್ಲ.

"ಒಳಗೆಲ್ಲ ಯಾಕೆ ಬಿಚ್ಚೋಕೆ ಹೋದ್ಲು?" ಎಂದ.

ಅಲ್ಲಿಯವರೆಗೆ ನನ್ನಲ್ಲೊಂದು ಹುಚ್ಚು ಆಸೆ ಉಳಿದಿತ್ತು. ಯಾರೋ ಗುಜರಿಯವನು ಮಾಡಿರಬೇಕು, ಮಾಲು ಹಾಕುವವನು ಮಾಡಿರಬೇಕು, ತಮ್ಮನಿಗೂ ಮೋಸವಾಗಿರಬೇಕು ಎಂದು. ಆ ಒಂದು ಮಾತಿಗೆ ಅದು ಹೋಯಿತು.

"ಪಟ್ಟಿ ಕತ್ತರಿಸಿದ್ನಲ್ಲೋ ನಾನು."

"ಪಟ್ಟಿ ತಾನೇ ಅಕ್ಕ. ಬೇರೆ ಹಾಕಿದೆ." ಹೊಸ ಸೈಕಲ್ಲಿಗೆ ಗಂಟೆ ಹಾಕಿದೆ ಎಂದಂತೆ ಹೇಳಿದ. "ಹೊರಗೆ ಒಂದು ಗೀರಿರಲ್ಲ, ಬಂಗಾರದಂಥ ಚಿಪ್ಪು. ಕುಯ್ದು ಗುಜರಿಗೆ ಹಾಕೋಕೆ ಹೊಟ್ಟೆ ಉರಿಯುತ್ತೆ. ಹೊಸ ಮೆತ್ತೆ, ಹೊಸ ಪಟ್ಟಿ, ಎರಡು ಕೈ ಬಣ್ಣ. ನೀನೇ ಗುರುತು ಹಿಡೀಲಿಲ್ಲ."

"ಮತ್ತೆ ಗರಗಸದ ಸದ್ದು? ವಾರ ವಾರ ಕೇಳಿಸ್ತಿತ್ತಲ್ಲ?"

"ತೀರಾ ಒಡೆದಿರೋವನ್ನ ಕುಯ್ತಿದ್ದೆ. ಇಲ್ಲದಿದ್ರೆ ಮರದ ತುಂಡು." ಸ್ವಲ್ಪ ನಾಚಿದ. "ನಿನಗೆ ಸಮಾಧಾನ ಆಗ್ಲಿ ಅಂತ."

ನನ್ನ ಸಮಾಧಾನಕ್ಕೆ ಮರ ಕುಯ್ದಿದ್ದನಂತೆ! ನಾನು ಮುಂದೆ ಕೂತು, ಆ ಸದ್ದು ಕೇಳಿದಾಗಲೆಲ್ಲ ಗಿರಾಕಿಗಳಿಗೆ ಬೆರಳು ತೋರಿಸಿ, ಕೇಳಿ ಕೇಳಿ, ಬಿದ್ದ ಹೆಲ್ಮೆಟ್ ಕುಯ್ತಿದ್ದಾನೆ ನನ್ನ ತಮ್ಮ ಎನ್ನುತ್ತಿದ್ದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಎನ್ನುತ್ತಾರೆ. ಇಲ್ಲಿ ಬೇಲಿ ಮೇಯುವ ಸದ್ದಿಗೆ ನಾನು ತಾಳ ಹಾಕುತ್ತಿದ್ದೆ.

"ಎಷ್ಟು ಜನರ ತಲೆ ಮೇಲಿವೆಯೋ ಇಂಥವು?"

"ಲೆಕ್ಕ ಯಾರಿಟ್ಟಿದ್ದಾರೆ."

"ಯಾರ್ಯಾರು ತಗೊಂಡ್ರು? ಅದಾದ್ರೂ ಹೇಳು. ಮನೆ ಮನೆಗೆ ಹೋಗಿ ವಾಪಸ್ ತರ್ತೀನಿ."

ಆಗ ಅವನು ಮೊದಲ ಸಲ ಕತ್ತೆತ್ತಿ ನನ್ನ ಮುಖ ನೋಡಿದ.

"ನನಗೇನು ಗೊತ್ತು? ಹಾಕಿ ನೋಡಿ ಮಾರಿದವಳು ನೀನು. ನಿನಗೇ ನೆನಪಿರಬೇಕು."

ಕೈ ಎತ್ತಿದೆ. ಹೊಡೆಯಲಿಲ್ಲ. ಅವನು ಸಣ್ಣವನಿದ್ದಾಗಲೂ ಹೊಡೆದವಳಲ್ಲ ನಾನು. ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಕಣ್ಣು ಒರೆಸಿಕೊಂಡೆ. ಅವನು ಹೇಳಿದ್ದು ಸುಳ್ಳಲ್ಲ ಎನ್ನುವುದೇ ಹೆಚ್ಚು ಉರಿಯಿತು. ಬ್ಯಾಂಕಿನ ಕಾವಲುಗಾರ, ತರಕಾರಿ ಗಾಡಿಯವಳ ಮಗ, ಹೊಸದಾಗಿ ಮದುವೆಯಾಗಿ ಜೋಡಿಯಾಗಿ ಬಂದವರು, ಎಲ್ಲರ ಗಲ್ಲದ ಕೆಳಗೆ ಎರಡು ಬೆರಳು ತೂರಿಸಿ, ಇನ್ನು ಚಿಂತೆ ಬಿಡಿ ಎಂದವಳು ನಾನು. ಒಳಗೆ ಏನಿದೆ ಎಂದು ನಾನು ನೋಡುತ್ತಿರಲಿಲ್ಲ. ತಮ್ಮ ಶೆಲ್ಫಿಗೆ ಇಟ್ಟದ್ದು ಎಂದ ಮೇಲೆ ನೋಡುವುದೇನಿತ್ತು?

ಮುಂದೆ ಬಂದು ಹುಡುಗಿಯ ಎದುರು ಕೂತೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ.

"ಇದು ಬಿದ್ದ ಹೆಲ್ಮೆಟ್ ತಾಯಿ. ಬೇರೆಯವರದು. ಬಣ್ಣ ಹಾಕಿ ಹೊಸದು ಅಂತ ಮಾರಿದ್ದೀವಿ. ಇದು ನಿನ್ನ ತಲೆ ಕಾಯಲ್ಲ."

ಅವಳು ಹೆಲ್ಮೆಟ್ಟನ್ನು ನೋಡಿದಳು, ಆಮೇಲೆ ನನ್ನನ್ನು.

"ಆದ್ರೆ ನೀವೇ ಹಾಕಿ ನೋಡಿದ್ರಲ್ಲ ಅಕ್ಕ."

"ಹೌದು."

"ನಾನು ಮುಖ ಮುಚ್ಚೋದು ಬೇಡ ಅಂದಿದ್ದೆ. ನೀವು ಹೇಳಿದ್ರಿ ಅಂತ ಇದನ್ನ ತಗೊಂಡೆ. ಇದು ಇದೆಯಲ್ಲ ಅಂತ ದೊಡ್ಡ ರಸ್ತೆಯಲ್ಲಿ ಹೋಗೋಕೆ ಶುರು ಮಾಡಿದೆ. ಮೊದಲು ಹೋಗ್ತಿರಲಿಲ್ಲ, ಭಯ ಆಗ್ತಿತ್ತು."

ಎದ್ದು ಅಟ್ಟದಿಂದ ಸೀಲು ಒಡೆಯದ ಡಬ್ಬ ಇಳಿಸಿದೆ, ಅವಳ ಎದುರಿಗೇ ಒಡೆದೆ. ಮೆತ್ತೆ ಬಿಚ್ಚಿ, ಒಳಗೆಲ್ಲ ಬೆರಳಾಡಿಸಿ, ನೋಡು, ನೀನೂ ಮುಟ್ಟಿ ನೋಡು, ಇದಕ್ಕೆ ಕಾಸು ಬೇಡ ಎಂದೆ. ನನ್ನ ದನಿಯಲ್ಲಿ ಭಿಕ್ಷೆ ಇತ್ತು. ಅವಳು ಮುಟ್ಟಲಿಲ್ಲ.

"ಬೇಡ ಅಕ್ಕ."

"ಬರಿ ತಲೆಯಲ್ಲಿ ಹೋಗ್ತೀಯಾ?"

"ಬರಿ ತಲೆ ಅಂತ ಗೊತ್ತಿದ್ರೆ ನಿಧಾನಕ್ಕಾದ್ರೂ ಹೋಗ್ತೀನಿ," ಎಂದಳು. ಕೂಗಲಿಲ್ಲ, ಬೈಯಲಿಲ್ಲ. ಮೆತ್ತೆಗಳ ಕವರನ್ನು ಮೇಜಿನ ಮೇಲೆ ಬಿಟ್ಟು, ಗಾಡಿ ಹತ್ತಿ, ರಸ್ತೆಯ ಅಂಚಿಗೆ ಅಂಚಿಗೇ ಹೋದಳು. ಬಾಗಿಲಲ್ಲಿ ನಿಂತು ಅವಳ ಕೂದಲು ಗಾಳಿಗೆ ಹಾರುವುದನ್ನು ತಿರುವಿನವರೆಗೂ ನೋಡಿದೆ. ಈ ಕಸುಬಿಗೆ ಬಂದ ಮೇಲೆ ಒಂದು ತಲೆಯೂ ನನ್ನ ಅಂಗಡಿಯಿಂದ ಬರಿದಾಗಿ ಹೋಗಿರಲಿಲ್ಲ.

"ಹೋಗ್ಲಿ ಬಿಡಕ್ಕ," ಎಂದ ತಮ್ಮ ಹಿಂದಿನಿಂದ. ಯಾವಾಗ ಎದ್ದು ಬಂದನೋ. "ಗಲಾಟೆ ಮಾಡ್ಲಿಲ್ಲವಲ್ಲ, ಅದೇ ಪುಣ್ಯ."

ನಾನು ತಿರುಗಿ ಉತ್ತರ ಕೊಡುವಷ್ಟರಲ್ಲಿ ನನ್ನ ಗಂಡನ ಗಾಡಿ ಬಂದು ನಿಂತಿತು. ಮಾಲಿನವನ ಬಳಿ ಹೋಗಿ ಬರುತ್ತಿದ್ದರು. ಹೆಲ್ಮೆಟ್ ತೆಗೆಯುತ್ತ ಒಳಗೆ ಬಂದು, ನಮ್ಮಿಬ್ಬರ ಮುಖ ನೋಡಿ, ಮೇಜಿನ ಮೇಲೆ ಮಗುಚಿದ್ದ ಕಪ್ಪು ಹೆಲ್ಮೆಟ್ ನೋಡಿ ನಿಂತುಬಿಟ್ಟರು.

ನನ್ನ ಕಣ್ಣು ಅವರ ಕೈಯಲ್ಲಿದ್ದ ಹೆಲ್ಮೆಟ್ಟಿನ ಮೇಲೆ ಬಿತ್ತು. ಬೂದು ಬಣ್ಣದ್ದು, ಈಚೆಗಷ್ಟೇ ಬದಲಿಸಿದ್ದು, ನಮ್ಮ ಅಂಗಡಿಯದೇ. ಸಿಟ್ಟು, ನಾಚಿಕೆ, ಹುಡುಗಿ, ಎಲ್ಲ ಮರೆತುಹೋಯಿತು. ಆ ದವಡೆಗೆ ನಾನು ಚಮಚ ಹಿಡಿದ ದಿನಗಳು ಮಾತ್ರ ಕಣ್ಣಿಗೆ ಕಟ್ಟಿದವು.

"ಕೊಡ್ರೀ ಇಲ್ಲಿ," ಎಂದು ಕಿತ್ತುಕೊಂಡೆ. "ಇನ್ನೊಂದು ಸಲ ಹಾಕ್ಕೊಂಡ್ರೆ ನನ್ನಾಣೆ. ಇವನು ಏನು ಮಾಡಿದ್ದಾನೆ ಗೊತ್ತೇನ್ರೀ? ಬಿದ್ದಿರೋವಕ್ಕೆ ಬಣ್ಣ ಹಾಕಿ ಶೆಲ್ಫಿಗೆ ಇಟ್ಟಿದ್ದಾನೆ. ನಿಮ್ಮದು ಯಾವ ಸತ್ತಿದ್ದೋ ಏನೋ, ಅಯ್ಯೋ, ಇದನ್ನೇ ಹಾಕ್ಕೊಂಡು ಇಷ್ಟು ದಿನ..."

ಅವಸರಕ್ಕೆ ಬಟನ್ನು ಬಿಚ್ಚಲೇ ಬರಲಿಲ್ಲ.

"ಬಿಡು. ಬಿಚ್ಚಬೇಡ," ಎಂದರು ಅವರು. "ಅದರಲ್ಲಿ ಏನೂ ಇಲ್ಲ."

"ನಿಮಗೇನು ಗೊತ್ತು? ನನಗೇ ಗೊತ್ತಾಗ್ಲಿಲ್ಲ!"

"ಅದು ಶೆಲ್ಫಿಂದಲ್ಲ." ಅವರು ನೆಲ ನೋಡುತ್ತಿದ್ದರು. "ಸೀಲಿದ್ದ ಡಬ್ಬ ನಾನೇ ಒಡೆದು ತಗೊಂಡೆ."

ತಮ್ಮ ಮೆಲ್ಲಗೆ ಹಿಂದಿನ ಕೋಣೆಗೆ ಸರಿದ. ಭಾವನ ಮುಖ ನೋಡದೆ ಹೋದ, ನೋಡುವ ಅಗತ್ಯ ಅವರಿಬ್ಬರ ನಡುವೆ ಇರಲಿಲ್ಲ.

"ಆ ಹುಡುಗಿಗೆ ನಾನು ಹಾಕಿ ನೋಡುವಾಗ ನೀವು ಇಲ್ಲೇ ಕೂತಿದ್ರಿ," ಎಂದೆ.

"ಹೂಂ."

"ಚಿಲ್ಲರೆ ಕೊಟ್ರಿ."

"ನಿನಗೆ ನೋವಾಗುತ್ತೆ ಅಂತ ಹೇಳ್ಲಿಲ್ಲ," ಎಂದರು. "ನಿನ್ನ ತಮ್ಮ ಅಲ್ವಾ."

ಬಟನ್ನು ಕೊನೆಗೂ ಬಿಚ್ಚಿಕೊಂಡಿತು. ಮೆತ್ತೆ ಸರಿಸಿ ನೋಡಿದೆ. ಅವರು ಹೇಳಿದ್ದು ನಿಜ. ಒಳಗೆಲ್ಲ ಅಚ್ಚ ಬಿಳುಪು, ಎಲ್ಲೂ ಒಂದು ಗುಳಿಯಿಲ್ಲ, ಬಿರುಕಿಲ್ಲ. ಇಡೀ ಅಂಗಡಿಯಲ್ಲಿ ಅದಕ್ಕಿಂತ ಒಳ್ಳೆಯ ಹೆಲ್ಮೆಟ್ ಇರಲಿಲ್ಲ. ಅದನ್ನು ಅವರಿಗೆ ವಾಪಸ್ ಕೊಡಲು ನನಗೆ ಕೈ ಬರಲಿಲ್ಲ.